ಬಾಗಿಲು ತೆರೆದರಷ್ಟೇ ಸಾಲದು

ನಾನು ಪ್ರಾಥಮಿಕ ಶಾಲೆಯಲ್ಲಿ ಓದುತ್ತಿದ್ದಾಗ ಬಾಗಿಲ ಬಳಿ ಒಬ್ಬ ಸಹಪಾಠಿ ಕುಳಿತುಕೊಳ್ಳುತ್ತಿದ್ದ. ಬೆಳಗಿನ ಹೊತ್ತು ಮಗ್ಗಿಯನ್ನು ನಮಗಿಂತ ಚುರುಕಾಗಿ ಒಪ್ಪಿಸುತ್ತಿದ್ದವನು ಮಧ್ಯಾಹ್ನದ ಮೇಲೆ ತೂಕಡಿಸುತ್ತಿದ್ದ. ರಾಗಿ ಕೊಯ್ಲಿನ ದಿನಗಳಲ್ಲಿ ಬರುತ್ತಲೇ ಇರಲಿಲ್ಲ. ಮೇಷ್ಟರು ಅವನನ್ನು ಸೋಮಾರಿ ಎಂದರು, ನಾವೂ ನಂಬಿದೆವು. ನಾವೆಲ್ಲ ಊಟಕ್ಕೆ ಮನೆಗೆ ಓಡುವಾಗ ಅವನು ಹುಣಸೆಮರದ ಕೆಳಗೇ ಕುಳಿತಿರುತ್ತಿದ್ದ. ಅದರ ಅರ್ಥ ನನಗೆ ಹೊಳೆದದ್ದು ಬಹುಕಾಲದ ಮೇಲೆ.

ಬಡವರ ಮಕ್ಕಳು ಓದಿನಲ್ಲಿ ಹಿಂದೆ ಬೀಳುವುದನ್ನು ಬುದ್ಧಿಯ ಕೊರತೆಯೆಂದು ತಿಳಿಯುವುದು ಹಳೆಯ ತಪ್ಪು. ಶತಮಾನಕ್ಕೂ ಹಿಂದೆಯೇ ಇದನ್ನು ಅರಿತಿದ್ದವರು ಮಂಗಳೂರಿನ ಕುದ್ಮುಲ್ ರಂಗರಾಯರು (1859–1928). 1892ರಲ್ಲಿ ಅವರು ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಆದರೆ ಕೂಲಿಯ ಮನೆಯ ಮಗು ಶಾಲೆಗೆ ಬಂದರೆ ಆ ಮನೆಗೆ ಅಂದಿನ ಗಳಿಕೆ ತಪ್ಪುತ್ತದೆ. ಆದ್ದರಿಂದ ರಾಯರು ಮಕ್ಕಳಿಗೆ ಮಧ್ಯಾಹ್ನದ ಊಟವನ್ನೂ ಹಾಜರಾತಿಗಾಗಿ ಚಿಲ್ಲರೆ ಕಾಸನ್ನೂ ಕೊಟ್ಟರು. ಅದು ಭಿಕ್ಷೆಯಲ್ಲ, ಬಡತನದ ಲೆಕ್ಕವನ್ನು ಬಲ್ಲವರ ವಿವೇಕ.

ಈ ವಿವೇಕ ಸರ್ಕಾರದ ಕ್ರಮವಾಗಲು ಬಹಳ ಕಾಲ ಹಿಡಿಯಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಅಸ್ಪೃಶ್ಯತೆಯನ್ನು ರದ್ದುಮಾಡಿತು. 14 ವರ್ಷದವರೆಗಿನ ಮಕ್ಕಳಿಗೆ ಉಚಿತ ಶಿಕ್ಷಣ ದೊರೆಯಬೇಕೆಂದಿತು. ಕರ್ನಾಟಕದ ಅಕ್ಷರ ದಾಸೋಹ ಯೋಜನೆ ಈಶಾನ್ಯದ 7 ಜಿಲ್ಲೆಗಳಲ್ಲಿ ಮೊದಲಾದದ್ದು 2002ರಲ್ಲಿ. ಅಷ್ಟರಲ್ಲಿ ನನ್ನ ಸಹಪಾಠಿಯ ಬಾಲ್ಯ ಕಳೆದು ಮೂರು ದಶಕಗಳಾಗಿದ್ದವು.

ಅನ್ನ ಬಂದಿತು, ಆದರೆ ಅನ್ನದಿಂದಲೇ ಎಲ್ಲವೂ ನೀಗಲಿಲ್ಲ. ದಲಿತ ಮಹಿಳೆ ಬೇಯಿಸಿದಳೆಂಬ ಕಾರಣಕ್ಕೆ ಮಕ್ಕಳನ್ನು ಊಟದಿಂದ ತಡೆದ ಪ್ರಸಂಗಗಳು ನಮ್ಮ ರಾಜ್ಯದಲ್ಲೇ ವರದಿಯಾಗಿವೆ. ಹಸಿದ ಮಗುವಿಗೆ ಪಾಠ ಹತ್ತದು. ಅವಮಾನಗೊಂಡ ಮಗುವಿಗೂ ಹತ್ತದು.

ಇತರರನ್ನಷ್ಟೇ ದೂರಿದರೆ ನ್ಯಾಯವಾಗದು. ನಾನು ಅಧ್ಯಾಪಕನಾದ ಮೊದಲ ವರ್ಷಗಳಲ್ಲಿ ವಿದ್ಯಾರ್ಥಿವೇತನದ ಪಟ್ಟಿಯನ್ನು ತರಗತಿಯಲ್ಲಿ ಗಟ್ಟಿಯಾಗಿ ಓದುತ್ತಿದ್ದೆ. ಹೆಸರು ಬಂದವರು ಎದ್ದು ನಿಲ್ಲಬೇಕಾಗಿತ್ತು. ಒಂದು ಸಂಜೆ ಒಬ್ಬ ವಿದ್ಯಾರ್ಥಿನಿ ಕೋಣೆಯ ಹೊರಗೆ ನಿಂತು, "ಸಾರ್, ನನ್ನ ಹೆಸರನ್ನು ಎಲ್ಲರೆದುರು ಕೂಗಬೇಡಿ, ನಾನೇ ಆಫೀಸಿಗೆ ಹೋಗಿ ಕೇಳಿಕೊಳ್ಳುತ್ತೇನೆ" ಎಂದಳು. ಉಪಕಾರ ಮಾಡುತ್ತಿದ್ದೇನೆಂದು ತಿಳಿದಿದ್ದ ನಾನು ತಲೆ ತಗ್ಗಿಸಿದೆ. ಮರುದಿನದಿಂದ ಆ ಪಟ್ಟಿ ನನ್ನ ಮೇಜಿನ ಖಾನೆಯಲ್ಲೇ ಉಳಿಯಿತು. ಒಬ್ಬೊಬ್ಬರನ್ನೇ ಕರೆದು ತಿಳಿಸತೊಡಗಿದೆ.

ಅನ್ನ, ಪುಸ್ತಕ, ವಸತಿಗಳನ್ನು ಸರ್ಕಾರ ಕೊಡಬಹುದು, ಕೊಡಲೇಬೇಕು. ತರಗತಿಯೊಳಗಿನ ಮರ್ಯಾದೆಯನ್ನು ಮಾತ್ರ ಯಾವ ಆದೇಶವೂ ತಂದುಕೊಡಲಾರದು. ಅದು ಪಾಠ ಹೇಳುವವನ ಕೈಯಲ್ಲಿದೆ, ಪಕ್ಕದಲ್ಲಿ ಕುಳಿತ ಮಗುವಿನ ತಂದೆತಾಯಿಯರ ಕೈಯಲ್ಲಿಯೂ ಇದೆ.