ಶಾಲೆಯಲ್ಲಿ ನೋವಿನ ಮಾತ್ರೆ

ತರಗತಿಯಲ್ಲಿ ಮಗುವಿಗೆ ತಲೆನೋವೆಂದಾಗ ಉಪಾಧ್ಯಾಯಿನಿಯರು ತಮ್ಮ ಚೀಲದಲ್ಲಿನ ಮಾತ್ರೆಯನ್ನು ಕೊಟ್ಟುಬಿಡುವುದು ಮಮತೆಯ ಕಾರ್ಯವೇ ಸರಿ. ಆದರೆ ಅದು ನಿರಪಾಯಕರವಲ್ಲ.

ಪ್ಯಾರಾಸಿಟಮಾಲ್ ಪ್ರಮಾಣವು ಮಗುವಿನ ತೂಕವನ್ನು ಅವಲಂಬಿಸಿದೆ: ಒಂದು ಸಲಕ್ಕೆ ಕಿಲೋಗ್ರಾಮಿಗೆ 10ರಿಂದ 15 ಮಿಲಿಗ್ರಾಂ. 20 ಕಿಲೋ ತೂಗುವ ಮಗುವಿಗೆ 300 ಮಿಲಿಗ್ರಾಂ ಮೀರಬಾರದು. ಹಿರಿಯರ ಸಾಮಾನ್ಯ ಮಾತ್ರೆಯಲ್ಲಿರುವುದು 500. ಎರಡು ಸಲದ ನಡುವೆ ಕನಿಷ್ಠ 4 ಗಂಟೆಗಳ ಅಂತರವೂ ಅಗತ್ಯ. ಬೆಳಿಗ್ಗೆ ಮನೆಯಲ್ಲಿ ಔಷಧ ಕುಡಿಸಿದ್ದು ಶಾಲೆಗೆ ತಿಳಿಯದಿದ್ದರೆ ಈ ಲೆಕ್ಕವೆಲ್ಲ ತಪ್ಪುತ್ತದೆ. ಪ್ರಮಾಣವು ಮತ್ತೆ ಮತ್ತೆ ಮಿತಿ ಮೀರಿದರೆ ಯಕೃತ್ತಿಗೆ ಹಾನಿ.

ಎಲ್ಲ ಮಾತ್ರೆಗಳೂ ಮಕ್ಕಳಿಗೆ ಸಲ್ಲವು. 12 ವರ್ಷದೊಳಗಿನವರಿಗೆ ನಿಮೆಸುಲೈಡ್ ಕೊಡುವುದನ್ನು ಭಾರತ ಸರಕಾರವು 2011ರಲ್ಲಿ ನಿಷೇಧಿಸಿತು. ಫ್ಲೂ ಅಥವಾ ಸೀತಾಳೆ ಸಿಡುಬಿನಲ್ಲಿ ಆಸ್ಪಿರಿನ್ ಕೊಟ್ಟರೆ, ಮೆದುಳು ಹಾಗೂ ಯಕೃತ್ತನ್ನು ಬಾಧಿಸುವ, ವಿರಳವಾದರೂ ಘೋರವಾದ ರೈ ವ್ಯಾಧಿ ತಲೆದೋರಬಹುದು.

ಆದುದರಿಂದ ಶಾಲೆಯ ನಿಯಮ ಸ್ಪಷ್ಟವಾಗಿರಲಿ: ವೈದ್ಯರ ಚೀಟಿ, ಪೋಷಕರ ಲಿಖಿತ ಒಪ್ಪಿಗೆ, ಮಗುವಿನ ಹೆಸರು ಬರೆದ ಮೂಲ ಪೊಟ್ಟಣ, ಕೊಡುವ ಮೊದಲು ಮನೆಗೊಂದು ದೂರವಾಣಿ ಕರೆ, ಕೊಟ್ಟ ಪ್ರಮಾಣ ಹಾಗೂ ವೇಳೆಯನ್ನು ದಾಖಲಿಸುವ ಪುಸ್ತಕ.

ಊರಿನಲ್ಲಾದರೆ ಕರೆದೊಡನೆ ಅಜ್ಜಿಯೋ ಚಿಕ್ಕಪ್ಪನೋ ಶಾಲೆಗೆ ಬಂದಾರು. ತಂದೆ ತಾಯಿ ಇಬ್ಬರೂ ದೂರದ ಕಚೇರಿಗಳಲ್ಲಿ ದುಡಿಯುವ ಮುಂಬಯಿಯಂತಹ ನಗರದಲ್ಲಿ ಆ ಅನುಕೂಲವಿಲ್ಲ. ಲೋಕಲ್ ಗಾಡಿ ಹಿಡಿಯುವ ಅವಸರದಲ್ಲಿಯೂ ಮಗುವಿನ ಡೈರಿಯಲ್ಲಿ ಒಂದು ಸಾಲು ಬರೆಯಲು ಮರೆಯಬಾರದು: ಯಾವ ಔಷಧ, ಎಷ್ಟು, ಎಷ್ಟು ಗಂಟೆಗೆ.