ವಿದ್ಯುತ್ತಿನ ಬುತ್ತಿ

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ನಡೆಯುವವನ ಕಿವಿಗೆ ಮೊದಲು ಬೀಳುವುದು ಮಗ್ಗಗಳ ಸದ್ದು. ಮನೆಮನೆಯ ಒಳಗಿನಿಂದ ಹೊರಡುವ ಆ ಸದ್ದು ಒಮ್ಮೊಮ್ಮೆ ಥಟ್ಟನೆ ನಿಂತುಬಿಡುತ್ತದೆ. ಆಗ ಯಾರೂ ಕಾರಣವನ್ನು ಕೇಳುವುದಿಲ್ಲ. ಕರೆಂಟು ಹೋಯಿತೆಂಬುದು ಎಲ್ಲರಿಗೂ ತಿಳಿದ ವಿಷಯ. ನೇಕಾರನು ಮಗ್ಗವನ್ನು ಬಿಟ್ಟು ಹೊರಗಿನ ಕಟ್ಟೆಯ ಮೇಲೆ ಬಂದು ಕುಳಿತುಕೊಳ್ಳುತ್ತಾನೆ. ಅತ್ತ ಮುಧೋಳ, ಜಮಖಂಡಿಗಳ ಕಬ್ಬಿನ ಹೊಲಗಳಲ್ಲಿ ರೈತನು ಪಂಪುಸೆಟ್ಟಿಗೆ ವಿದ್ಯುತ್ತು ಬರುವ ವೇಳೆಗಾಗಿ ನಿದ್ದೆಗೆಟ್ಟು ಕಾಯುತ್ತಾನೆ. ವಿದ್ಯುತ್ತಿನ ಬೆಲೆ ಏನೆಂಬುದನ್ನು ಈ ಸೀಮೆಯ ಜನರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇದೇ ಊರುಗಳ ಯುವಕ ಯುವತಿಯರು ಈಗ ಉನ್ನತ ವ್ಯಾಸಂಗಕ್ಕಾಗಿಯೂ ಉದ್ಯೋಗಕ್ಕಾಗಿಯೂ ಬೆಂಗಳೂರಿಗೆ, ಅಲ್ಲಿಂದ ಸಮುದ್ರದಾಚೆಗೆ ಹೋಗುತ್ತಿದ್ದಾರೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನವೊಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಿಂದ ಹೊರಟು, ಉತ್ತರ ಧ್ರುವದ ಮೇಲಿಂದ ಹಾರಿ, ನಡುವೆ ಎಲ್ಲಿಯೂ ಇಳಿಯದೆ ಸುಮಾರು 17 ಗಂಟೆಗಳಲ್ಲಿ ಬೆಂಗಳೂರನ್ನು ತಲಪಿತು. ಅದನ್ನು ನಡೆಸಿದ ಪೈಲಟ್‌ಗಳೆಲ್ಲರೂ ಮಹಿಳೆಯರು. ಇಷ್ಟು ದೀರ್ಘವಾದ ಪಯಣದಲ್ಲಿ ಪ್ರಯಾಣಿಕನ ಮಡಿಲಲ್ಲಿ ಲ್ಯಾಪ್‌ಟಾಪ್ ಇರುವುದು ಇಂದು ಸಾಮಾನ್ಯ. ಅದರಲ್ಲಿಯೂ ಕಂಪ್ಯೂಟರ್ ಆಟಗಳಿಗೆಂದೇ ನಿರ್ಮಿತವಾದ ಪ್ರಬಲ ಯಂತ್ರಗಳುಂಟು. ಪರದೆಯ ಮೇಲೆ ಚಿತ್ರಗಳನ್ನು ಮೂಡಿಸಲು ಅವುಗಳಲ್ಲಿ ಪ್ರತ್ಯೇಕ ಸಂಸ್ಕಾರಕವಿರುತ್ತದೆ. ಆಟವಾಡುವವರು ಮಾತ್ರವಲ್ಲದೆ ಕಟ್ಟಡಗಳ ನಕ್ಷೆ, ಚಲಿಸುವ ಚಿತ್ರ, ಸೀರೆಯ ವಿನ್ಯಾಸ ಮೊದಲಾದವನ್ನು ರಚಿಸುವವರೂ ಇಂಥ ಯಂತ್ರಗಳನ್ನು ಬಳಸುತ್ತಾರೆ. ಇವುಗಳ ಹಸಿವೂ ದೊಡ್ಡದು. ಕರೆಂಟಿನ ಕಂಬವಿಲ್ಲದ ಆಕಾಶದಲ್ಲಿ ಈ ಹಸಿವನ್ನು ತಣಿಸುವುದು ಹೇಗೆ?

ಇದಕ್ಕೆ ಉತ್ತರವನ್ನು ಹುಡುಕುವ ಮೊದಲು ಎರಡು ಅಳತೆಗಳ ಭೇದವನ್ನು ತಿಳಿಯಬೇಕು. ಮಳೆಗಾಲದಲ್ಲಿ ಆಲಮಟ್ಟಿ ಜಲಾಶಯದ ಸುದ್ದಿಯನ್ನು ಪತ್ರಿಕೆಗಳಲ್ಲಿ ನೀವು ಓದಿರುತ್ತೀರಿ. ಅದರ ಹಿನ್ನೀರು ಬೀಳಗಿ ತಾಲ್ಲೂಕಿನ ಅನೇಕ ಹಳ್ಳಿಗಳ ಭೂಮಿಯನ್ನು ಆವರಿಸಿದೆ. ಆ ಸುದ್ದಿಯಲ್ಲಿ ಎರಡು ಬಗೆಯ ಅಂಕಿಗಳಿರುತ್ತವೆ. ಪ್ರತಿ ಸೆಕೆಂಡಿಗೆ ಎಷ್ಟು ನೀರು ಹರಿದುಬರುತ್ತಿದೆ ಎಂಬುದನ್ನು ಕ್ಯೂಸೆಕ್‌ಗಳಲ್ಲಿಯೂ, ಒಟ್ಟು ಎಷ್ಟು ನೀರು ಸಂಗ್ರಹವಾಗಿದೆ ಎಂಬುದನ್ನು ಟಿ.ಎಂ.ಸಿ.ಗಳಲ್ಲಿಯೂ ಹೇಳುತ್ತಾರೆ. ವಿದ್ಯುತ್ತಿನಲ್ಲಿಯೂ ಹೀಗೆಯೇ. ಶಕ್ತಿ ಯಾವ ವೇಗದಲ್ಲಿ ಖರ್ಚಾಗುತ್ತಿದೆ ಎಂಬುದರ ಅಳತೆ ವ್ಯಾಟ್. ಒಟ್ಟು ಎಷ್ಟು ಸಂಗ್ರಹವಿದೆ ಎಂಬುದರ ಅಳತೆ ವ್ಯಾಟ್-ಗಂಟೆ. 100 ವ್ಯಾಟ್‌ನ ದೀಪ ಒಂದು ಗಂಟೆ ಉರಿದರೆ 100 ವ್ಯಾಟ್-ಗಂಟೆ ಖರ್ಚಾಗುತ್ತದೆ. ಇಂಥ 1000 ವ್ಯಾಟ್-ಗಂಟೆಗಳೇ ನಮ್ಮ ಮನೆಯ ಮೀಟರಿನ ಒಂದು ಯೂನಿಟ್.

ಈಗ ಲೆಕ್ಕಕ್ಕೆ ಬರೋಣ. ಊರಿಗೆ ಹೊರಟವನು ಬುತ್ತಿ ಕಟ್ಟಿಕೊಳ್ಳುವಂತೆ ಲ್ಯಾಪ್‌ಟಾಪು ತನ್ನ ಬ್ಯಾಟರಿಯಲ್ಲಿ ವಿದ್ಯುತ್ತಿನ ಬುತ್ತಿಯನ್ನು ಹೊತ್ತಿರುತ್ತದೆ. ದೊಡ್ಡ ಗೇಮಿಂಗ್ ಲ್ಯಾಪ್‌ಟಾಪಿನ ಬುತ್ತಿ ಸಾಮಾನ್ಯವಾಗಿ 90ರಿಂದ 99 ವ್ಯಾಟ್-ಗಂಟೆ. ಲೆಕ್ಕದ ಸೌಲಭ್ಯಕ್ಕಾಗಿ ಅದನ್ನು 100 ಎಂದುಕೊಳ್ಳೋಣ. ಯಂತ್ರವು ತನ್ನ ಪೂರ್ಣ ಬಲದಿಂದ 250 ವ್ಯಾಟ್‌ಗಳನ್ನು ಸೆಳೆದರೆ ಈ ಬುತ್ತಿ ಎಷ್ಟು ಹೊತ್ತು ಬಂದೀತು? 100ನ್ನು 250ರಿಂದ ಭಾಗಿಸಿದರೆ ಒಂದು ಗಂಟೆಯ ಹತ್ತರಲ್ಲಿ ನಾಲ್ಕು ಪಾಲು, ಅಂದರೆ ಕೇವಲ 24 ನಿಮಿಷ! ಈ ಕಾರಣದಿಂದಲೇ ಬ್ಯಾಟರಿಯಿಂದ ನಡೆಯುವಾಗ ಇಂಥ ಯಂತ್ರಗಳು ತಾವಾಗಿಯೇ ವೇಗವನ್ನು ತಗ್ಗಿಸಿಕೊಳ್ಳುತ್ತವೆ. ಅದೇ ಯಂತ್ರದಲ್ಲಿ ಬರವಣಿಗೆಯಂಥ ಹಗುರವಾದ ಕೆಲಸವನ್ನು ಮಾಡಿ 20 ವ್ಯಾಟ್ ಮಾತ್ರ ಖರ್ಚು ಮಾಡಿದರೆ ಬುತ್ತಿಯು 5 ಗಂಟೆ ಬರುತ್ತದೆ. ಹೇಗೂ 17 ಗಂಟೆಗಳ ದಾರಿಗೆ ಅದು ಸಾಲದು.

‘ಹಾಗಾದರೆ ಇನ್ನೂ ದೊಡ್ಡ ಬುತ್ತಿಯನ್ನೇ ಕಟ್ಟಿಕೊಳ್ಳಬಾರದೇಕೆ?’ ಎಂದು ನೀವು ಕೇಳಬಹುದು. ಅಲ್ಲಿಯೇ ವಿಮಾನಯಾನದ ನಿಯಮ ಅಡ್ಡ ಬರುತ್ತದೆ. 100 ವ್ಯಾಟ್-ಗಂಟೆಯವರೆಗಿನ ಬ್ಯಾಟರಿಯುಳ್ಳ ಉಪಕರಣವನ್ನು ಪ್ರಯಾಣಿಕನು ಜೊತೆಯಲ್ಲಿ ಒಯ್ಯಬಹುದು. 100ಕ್ಕೆ ಮೀರಿ 160ರವರೆಗೆ ಇದ್ದರೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. 160ಕ್ಕೂ ಮೀರಿದುದನ್ನು ಪ್ರಯಾಣಿಕನು ಸಾಮಾನ್ಯ ಸಾಮಾನಿನಂತೆ ಒಯ್ಯುವಂತಿಲ್ಲ. ತಯಾರಕರು ತಮ್ಮ ಬ್ಯಾಟರಿಗಳನ್ನು 99ರ ಆಸುಪಾಸಿನಲ್ಲಿಯೇ ನಿಲ್ಲಿಸುವುದರ ಗುಟ್ಟು ಇದೇ.

ಈ ನಿಯಮದ ಹಿಂದೆ ಕಠೋರವಾದ ಅನುಭವವಿದೆ. ಲ್ಯಾಪ್‌ಟಾಪಿನಲ್ಲಿರುವುದು ಲಿಥಿಯಂ-ಅಯಾನ್ ಬ್ಯಾಟರಿ. ಅದರ ನಿರ್ಮಾಣಕ್ಕೆ ದಾರಿ ಮಾಡಿಕೊಟ್ಟ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟ್ಟಿಂಗ್‌ಹ್ಯಾಮ್, ಅಕಿರಾ ಯೊಶಿನೊ ಎಂಬ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಅಲ್ಪ ತೂಕದಲ್ಲಿ ಅಧಿಕ ಶಕ್ತಿಯನ್ನು ಹಿಡಿದಿಡುವುದು ಅದರ ಗುಣ; ಅಪಾಯವೂ ಆ ಗುಣದಲ್ಲಿಯೇ ಅಡಗಿದೆ. ಪೆಟ್ಟು ಬಿದ್ದು, ಜಜ್ಜಿ, ಅಥವಾ ಒಳಗಿನ ದೋಷದಿಂದ ಒಂದು ಕೋಶವು ಮಿತಿಮೀರಿ ಕಾದರೆ, ಆ ಶಾಖದಿಂದ ರಾಸಾಯನಿಕ ಕ್ರಿಯೆ ಇನ್ನಷ್ಟು ತೀವ್ರವಾಗುತ್ತದೆ. ಆ ಕ್ರಿಯೆಯಿಂದ ಶಾಖ ಮತ್ತಷ್ಟು ಏರುತ್ತದೆ. ಒಂದು ಕೋಶದ ಬೆಂಕಿ ಪಕ್ಕದ ಕೋಶಕ್ಕೆ ದಾಟುತ್ತದೆ. ಬಣವೆಗೆ ಬಿದ್ದ ಕಿಡಿಯಂತೆ ಅದನ್ನು ತಡೆಯುವುದು ಕಷ್ಟ.

2010ರ ಸೆಪ್ಟೆಂಬರ್ 3ರಂದು ದುಬೈಯಿಂದ ಹೊರಟ ಸರಕು ವಿಮಾನವೊಂದರಲ್ಲಿ ಬೆಂಕಿ ಹತ್ತಿ ಅದು ನೆಲಕ್ಕಪ್ಪಳಿಸಿತು. ಅದರಲ್ಲಿದ್ದ ಇಬ್ಬರೂ ಪೈಲಟ್‌ಗಳು ಮಡಿದರು. ಆ ಸರಕಿನಲ್ಲಿ ಲಿಥಿಯಂ ಬ್ಯಾಟರಿಗಳು ಬಹಳವಾಗಿದ್ದವು. 2016ರ ಏಪ್ರಿಲ್ 1ರಿಂದ ಪ್ರಯಾಣಿಕರ ವಿಮಾನಗಳಲ್ಲಿ ಲಿಥಿಯಂ-ಅಯಾನ್ ಬ್ಯಾಟರಿಗಳನ್ನು ಬಿಡಿಯಾಗಿ ಸರಕಿನಂತೆ ಸಾಗಿಸುವುದನ್ನು ನಿಷೇಧಿಸಲಾಯಿತು. ಬಿಡಿ ಬ್ಯಾಟರಿಗಳನ್ನೂ ಪವರ್ ಬ್ಯಾಂಕುಗಳನ್ನೂ ಕೆಳಗಿನ ಸಾಮಾನಿನ ಗೂಡಿಗೆ ಕಳುಹಿಸದೆ ಪ್ರಯಾಣಿಕನು ತನ್ನ ಬಳಿಯಲ್ಲಿಯೇ ಇಟ್ಟುಕೊಳ್ಳಬೇಕು. ಕಣ್ಣೆದುರಿಗೆ ಹೊಗೆ ಕಂಡರೆ ಕೂಡಲೆ ನಂದಿಸಬಹುದು. ಗೂಡಿನೊಳಗೆ ಹತ್ತಿದ ಬೆಂಕಿಯನ್ನು ನಂದಿಸಲು ಯಾರು ಹೋಗಬಲ್ಲರು? 2025ರ ಏಪ್ರಿಲ್ 1ರಿಂದ ಸಿಂಗಪುರ ಏರ್‌ಲೈನ್ಸ್ ತನ್ನ ವಿಮಾನಗಳಲ್ಲಿ ಪವರ್ ಬ್ಯಾಂಕಿನ ಬಳಕೆಯನ್ನೇ ನಿಷೇಧಿಸಿತು. ಬೇರೆ ಸಂಸ್ಥೆಗಳೂ ಅದೇ ದಾರಿಯನ್ನು ಹಿಡಿದವು.

ಇನ್ನುಳಿದುದು ಆಸನದ ಬಳಿಯ ಪ್ಲಗ್ಗು. ಈ ವಿದ್ಯುತ್ತು ಬರುವುದೆಲ್ಲಿಂದ? ನಮ್ಮ ಸಕ್ಕರೆ ಕಾರ್ಖಾನೆಗಳನ್ನು ನೆನಪಿಸಿಕೊಳ್ಳಿರಿ. ರಸ ಹಿಂಡಿದ ಕಬ್ಬಿನ ಸಿಪ್ಪೆಯನ್ನು ಉರಿಸಿ, ಉಗಿಯಿಂದ ಚಕ್ರವನ್ನು ತಿರುಗಿಸಿ ಅವು ತಮಗೆ ಬೇಕಾದ ವಿದ್ಯುತ್ತನ್ನು ತಾವೇ ಉತ್ಪಾದಿಸಿಕೊಳ್ಳುತ್ತವೆ. ವಿಮಾನವೂ ಅಂಥದೇ ಸ್ವಾವಲಂಬಿ. ಅದರ ಎಂಜಿನ್ನುಗಳು ಹಾರಾಟಕ್ಕೆ ಬಲ ಕೊಡುವುದರೊಂದಿಗೆ ಜನರೇಟರುಗಳನ್ನೂ ತಿರುಗಿಸುತ್ತವೆ. ಬೋಯಿಂಗ್ 787 ವಿಮಾನದ ಎರಡು ಎಂಜಿನ್ನುಗಳಿಗೆ ತಲಾ 250 ಕಿಲೊವೋಲ್ಟ್-ಆಂಪಿಯರ್ ಸಾಮರ್ಥ್ಯದ ನಾಲ್ಕು ಜನರೇಟರುಗಳು ಜೋಡಿಸಲ್ಪಟ್ಟಿವೆ. ಆದರೆ ಒಳಗಿನ ಗಾಳಿಯ ಒತ್ತಡ, ರೆಕ್ಕೆಗಳ ಹಿಮ ಕರಗಿಸುವುದು, ಅಡುಗೆಯ ಒಲೆ, ದೀಪ, ಯಂತ್ರೋಪಕರಣಗಳು ಇವೆಲ್ಲಕ್ಕೂ ಪಾಲು ಕೊಡಬೇಕಷ್ಟೆ. ಆಸನಗಳಿಗೆ ಎಳೆದ ತಂತಿಯೂ, ವಿದ್ಯುತ್ತನ್ನು ಮಾರ್ಪಡಿಸುವ ಪೆಟ್ಟಿಗೆಯೂ ತೂಕ ಹೆಚ್ಚದಂತೆ ಚಿಕ್ಕವಾಗಿರುತ್ತವೆ. ಅನೇಕ ವಿಮಾನಗಳಲ್ಲಿ ಒಂದು ಆಸನದ ಪಾಲು ಸುಮಾರು 75ರಿಂದ 100 ವ್ಯಾಟ್. 250 ಜನರು ತಲಾ 250 ವ್ಯಾಟ್ ಸೆಳೆದರೆ ಒಟ್ಟು 62.5 ಕಿಲೊವ್ಯಾಟ್ ಆಯಿತು. ಇದು ಐದು ಅಶ್ವಶಕ್ತಿಯ ಹದಿನೇಳು ಪಂಪುಸೆಟ್ಟುಗಳು ಏಕಕಾಲಕ್ಕೆ ನಡೆದಂತೆ. ಒಂದೇ ಟಿ.ಸಿ.ಗೆ ಮಿತಿಮೀರಿ ಪಂಪುಸೆಟ್ಟುಗಳನ್ನು ಜೋಡಿಸಿದರೆ ಅದು ಸುಟ್ಟು ಹೋಗಿ ಊರೆಲ್ಲ ಕತ್ತಲಾಗುವುದನ್ನು ನಾವು ಬಲ್ಲೆವು. ವಿಮಾನದಲ್ಲಿ ಹಾಗಾಗಬಾರದೆಂದೇ, ದೊಡ್ಡ ಅಡಾಪ್ಟರು ತನ್ನ ಪಾಲಿಗಿಂತ ಹೆಚ್ಚು ಸೆಳೆದ ಕ್ಷಣವೇ ಪ್ಲಗ್ಗು ತಾನಾಗಿ ಬಂದಾಗುತ್ತದೆ. ಪ್ರಯಾಣಿಕನು ಅದು ಕೆಟ್ಟಿದೆಯೆಂದು ಭಾವಿಸುತ್ತಾನೆ. ವಾಸ್ತವವಾಗಿ ಅದು ತನ್ನ ಕರ್ತವ್ಯವನ್ನು ಮಾಡಿರುತ್ತದೆ.

ಜಾಣನಾದ ಪ್ರಯಾಣಿಕನು ಆದುದರಿಂದ ದೊಡ್ಡ ಅಡಾಪ್ಟರನ್ನು ಚೀಲದಲ್ಲಿಟ್ಟು, ಯಂತ್ರವು ಒಪ್ಪುವುದಾದರೆ 65 ವ್ಯಾಟ್‌ನ ಚಿಕ್ಕ ಚಾರ್ಜರನ್ನು ಯು.ಎಸ್.ಬಿ.-ಸಿ ಕಿಂಡಿಗೆ ಜೋಡಿಸುತ್ತಾನೆ. ಆಟದ ಭರದಲ್ಲಿ ಯಂತ್ರವು 200 ವ್ಯಾಟ್ ಬಯಸಿದರೆ ಉಳಿದ 135 ವ್ಯಾಟ್ ಬುತ್ತಿಯಿಂದಲೇ ಬರಬೇಕು. ಆಗ ಬುತ್ತಿ ಮುಕ್ಕಾಲು ಗಂಟೆಯೊಳಗೆ ಬರಿದಾಗುತ್ತದೆ. ಆತನು ಪರದೆಯ ಬೆಳಕನ್ನು ತಗ್ಗಿಸಿ, ಮಿತವ್ಯಯದ ಕ್ರಮದಲ್ಲಿ 30 ವ್ಯಾಟ್‌ಗಳಿಂದ ಕೆಲಸ ನಡೆಸಿದರೆ ಮಿಕ್ಕ 35 ವ್ಯಾಟ್ ಬುತ್ತಿಯನ್ನೇ ತುಂಬುತ್ತದೆ. ಹೀಗೆ ಇಡೀ ಪಯಣವನ್ನು ಅವನು ನಿಶ್ಚಿಂತೆಯಿಂದ ಕಳೆಯಬಹುದು. ಹೊರಡುವ ಮೊದಲು ಬ್ಯಾಟರಿಯನ್ನು ಪೂರ್ತಿ ತುಂಬಿಸಿಕೊಳ್ಳಬೇಕು. ಅದರ ಮೇಲೆ ವ್ಯಾಟ್-ಗಂಟೆ ನಮೂದಾಗಿರದಿದ್ದರೆ ವೋಲ್ಟ್‌ಗಳನ್ನು ಆಂಪಿಯರ್-ಗಂಟೆಗಳಿಂದ ಗುಣಿಸಿದರೆ ಸಾಕು, 15.2 ವೋಲ್ಟ್, 6 ಆಂಪಿಯರ್-ಗಂಟೆಯ ಬ್ಯಾಟರಿ 91.2 ವ್ಯಾಟ್-ಗಂಟೆಯದು. ಯಂತ್ರದ ಗಾಳಿಕಿಂಡಿಗಳನ್ನು ಹೊದಿಕೆಯಿಂದ ಮುಚ್ಚಬಾರದು. ಉಬ್ಬಿದ ಬ್ಯಾಟರಿಯನ್ನು ವಿಮಾನಕ್ಕೆ ಒಯ್ಯಲೇಬಾರದು. ಹೊಗೆಯಾಗಲಿ ಸುಟ್ಟ ವಾಸನೆಯಾಗಲಿ ಕಂಡುಬಂದರೆ ನಾಚಿಕೆಪಡದೆ ತಕ್ಷಣವೇ ಗಗನಸಖಿಯರಿಗೆ ತಿಳಿಸಬೇಕು. ಆ ಒಂದು ಮಾತಿನ ಮೇಲೆ ನೂರಾರು ಜೀವಗಳು ನಿಂತಿರಬಹುದು.

ಬಾನಿನಲ್ಲಿ ಹಾರುವವನಿಗೂ ಬನಹಟ್ಟಿಯ ಕಟ್ಟೆಯ ಮೇಲೆ ಕುಳಿತ ನೇಕಾರನಿಗೂ ಲೆಕ್ಕ ಒಂದೇ. ವಿದ್ಯುತ್ತು ಒಬ್ಬನ ಸೊತ್ತಲ್ಲ. ಒಂದೇ ತಂತಿಯನ್ನು ನಂಬಿದ ಎಲ್ಲರೂ ಅದರ ಪಾಲುಗಾರರು. ತನ್ನ ಪಾಲು ಎಷ್ಟೆಂದು ಅಳೆಯಬಲ್ಲವನೇ ಅದನ್ನು ಚೆನ್ನಾಗಿ ಬಳಸಬಲ್ಲನು. ಮುಂದೊಂದು ದಿನ ನಿಮ್ಮಲ್ಲಿ ಯಾರಾದರೂ ಸಮುದ್ರಗಳನ್ನು ದಾಟುವ ವಿಮಾನದಲ್ಲಿ ಕುಳಿತು ಆ ಚಿಕ್ಕ ಪ್ಲಗ್ಗಿಗೆ ಕೈಯಿಡುವಾಗ, ಕರೆಂಟು ಬಂದೊಡನೆ ಒಮ್ಮೆಲೇ ಸದ್ದುಮಾಡಿ ಎದ್ದೇಳುವ ಊರ ಮಗ್ಗಗಳನ್ನು ನೆನೆಯಿರಿ.