ಮತ ಕೇಳಿದ ಕಾಲ್ಚೆಂಡಾಟಗಾರ

ತತ್ತ್ವಜ್ಞಾನಿಯ ಹೆಸರು ಹೊತ್ತು, ವೈದ್ಯವಿದ್ಯೆ ಕಲಿತು, ಕಾಲ್ಚೆಂಡಿನಿಂದ ಕೀರ್ತಿ ಗಳಿಸಿದವನು ಬ್ರೆಜಿಲಿನ ಸಾಕ್ರಟೀಸ್. 1964ರಲ್ಲಿ ದೇಶವು ಸೈನ್ಯದ ವಶವಾದಾಗ, ತಂದೆಯು ಭಯದಿಂದ ಪುಸ್ತಕ ಸುಡುವುದನ್ನು ಹತ್ತು ವರ್ಷದ ಈ ಬಾಲಕ ಕಣ್ಣಾರೆ ಕಂಡನು. ಆ ದೃಶ್ಯ ಅವನ ಮನಸ್ಸಿನಿಂದ ಮಾಸಲಿಲ್ಲ.

ಮುಂದೆ ಸಾವೊ ಪೌಲೊ ನಗರದ ಕೊರಿಂಥಿಯನ್ಸ್ ತಂಡದಲ್ಲಿ ಅವನೂ ಸಂಗಡಿಗರೂ ಅಪೂರ್ವವಾದ ಕ್ರಮವೊಂದನ್ನು ಜಾರಿಗೆ ತಂದರು. ಪಂದ್ಯದ ಮುನ್ನಾದಿನ ಆಟಗಾರರನ್ನು ಒಂದೆಡೆ ಕೂಡಿಹಾಕಬೇಕೆ, ಪ್ರಯಾಣ ಎಷ್ಟು ಹೊತ್ತಿಗೆ ಹೊರಡಬೇಕು ಎಂಬುದೆಲ್ಲ ಮತದಿಂದಲೇ ತೀರ್ಮಾನ. ನಾಯಕನಿಗೂ ಒಂದು ಮತ, ಆಟಗಾರರ ಉಡುಪು ನೋಡಿಕೊಳ್ಳುವವನಿಗೂ ಒಂದೇ ಮತ! ಶಿಸ್ತು ಕೆಟ್ಟೀತೆಂದು ಆಕ್ಷೇಪಿಸಿದವರುಂಟು. ತಂಡವು ಮಾತ್ರ 1982 ಮತ್ತು 1983ರಲ್ಲಿ ರಾಜ್ಯದ ಪ್ರಶಸ್ತಿಯನ್ನು ಗೆದ್ದುಕೊಂಡಿತು. ಅಧ್ಯಕ್ಷನನ್ನು ಆರಿಸುವ ಹಕ್ಕೇ ಪ್ರಜೆಗಳಿಗಿಲ್ಲದ ನಾಡಿನಲ್ಲಿ ಇದು ಬರಿಯ ಆಟದ ಸುದ್ದಿಯಾಗಿರಲಿಲ್ಲ.

1984ರ ಏಪ್ರಿಲಿನಲ್ಲಿ ಅಪಾರ ಜನಸ್ತೋಮದೆದುರು ಅವನು ಮಾತು ಕೊಟ್ಟನು: ನೇರ ಚುನಾವಣೆಯ ತಿದ್ದುಪಡಿ ಅಂಗೀಕಾರವಾದರೆ ತಾನು ಇಟಲಿಗೆ ಹೋಗುವುದಿಲ್ಲ. ತಿದ್ದುಪಡಿಗೆ 22 ಮತಗಳು ಸಾಲದೆ ಹೋದವು. ಸಾಕ್ರಟೀಸ್ ಫ್ಲಾರೆನ್ಸಿಗೆ ಹೊರಟನು. ಅಲ್ಲಿ ನಿಂತದ್ದು ಒಂದೇ ಋತು.

ವೈದ್ಯನಾಗಿಯೂ ಮದ್ಯವನ್ನೂ ಸಿಗರೇಟನ್ನೂ ಬಿಡಲಿಲ್ಲ. ಈ ಹಠವನ್ನು ಬಂಡಾಯವೆನ್ನಲು ಮನಸ್ಸೊಪ್ಪದು. 2011ರ ಡಿಸೆಂಬರ್ 4ರಂದು, 57ನೆಯ ವಯಸ್ಸಿನಲ್ಲಿ, ತೀರಿಕೊಂಡನು. ಅಂದೇ ಕೊರಿಂಥಿಯನ್ಸ್ ರಾಷ್ಟ್ರೀಯ ಪ್ರಶಸ್ತಿ ಪಡೆಯಿತು. ಪಂದ್ಯಕ್ಕೆ ಮೊದಲು ಆಟಗಾರರು, ಗೋಲು ಹೊಡೆದಾಗ ಅವನು ಮಾಡುತ್ತಿದ್ದಂತೆಯೇ, ಮುಷ್ಟಿ ಬಿಗಿದು ಬಲಗೈಯೆತ್ತಿ ಮೌನವಾಗಿ ನಿಂತಿದ್ದರು.